ಒಣಗುವ ಕಲ್ಲಿನ ಮೇಲೆ ಹದಿನಾರು ಅಕ್ಷರ

ನಮ್ಮ ಮನೆಯಲ್ಲಿ ಮುಖ್ಯವಾದದ್ದನ್ನು ಕಾಗದದ ಮೇಲೆ ಬರೆದಿಡುವ ಪದ್ಧತಿ ಇರಲಿಲ್ಲ. ಶಹಾಬಾದಿನ ಮನೆ. ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆಯೂ ಕಲ್ಲು. ನಾನು ಹುಟ್ಟಿದ ದಿನ, ಗ್ಯಾಸಿನವರ ಫೋನ್ ನಂಬರು, ಎಮ್ಮೆ ಗಬ್ಬ ಕಟ್ಟಿದ ತಿಂಗಳು, ಎಲ್ಲವನ್ನೂ ಮೊಳೆಯಿಂದ ಕಲ್ಲಿನ ಮೇಲೆ ಗೀಚಿ ಇಡುತ್ತಿದ್ದೆವು. ಕಾಗದ ಗೆದ್ದಲಿಗೆ, ಕಲ್ಲು ನಮಗೆ ಎನ್ನುವುದು ಅವ್ವನ ಮಾತು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಮೇಷ್ಟರ ಕೆಲಸದ ಸಂಬಳದಲ್ಲಿ ಹಳೆಯದೊಂದು ಕಂಪ್ಯೂಟರ್ ತಂದಾಗಲೂ ಇದೇ ಆಯಿತು. ಕನ್ನಡ ಟೈಪು ಮಾಡುವ ತಂತ್ರಾಂಶದ ಸಿ.ಡಿ. ಜೊತೆ ಒಂದು ಚೀಟಿ ಬಂದಿತ್ತು. ಅದರಲ್ಲಿ ಹದಿನಾರು ಅಕ್ಷರ, ಅಂಕಿಗಳ ಕೀಲಿ. ನಾನು ಅದನ್ನು ಕಂಪ್ಯೂಟರ್ ಇಟ್ಟಿದ್ದ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಕಟ್ಟೆಯ ಮೇಲೆಯೇ ಕಂಪಾಸಿನ ಮುಳ್ಳಿನಿಂದ ಕೊರೆದು, ಚೀಟಿಯನ್ನು ಒಲೆಗೆ ಹಾಕಿದೆ. ಆಗ ನನಗೆ ನಾನು ಭಾರಿ ಜಾಣೆ ಅನ್ನಿಸಿತ್ತು.

ಮನೆಯಲ್ಲಿ ನಾವು ಇಬ್ಬರೇ, ಅವ್ವ ಮತ್ತು ನಾನು. ಅವ್ವ ನಲವತ್ತು ದಾಟಿದ ಮೇಲೆ ಸಾಕ್ಷರತಾ ತರಗತಿಗೆ ಹೋಗಿ ಅಕ್ಷರ ಕಲಿತವಳು. ಸಣ್ಣವಳಿದ್ದಾಗಿನಿಂದ ಗಣಿಯಲ್ಲಿ ಕಲ್ಲು ಹೊತ್ತು, ಆಮೇಲೆ ಕಲ್ಲಿಗೆ ಪಾಲಿಶ್ ಹಾಕುವ ಕೆಲಸ ಮಾಡಿದ ಅವಳ ಬೆರಳು ಪೆನ್ನಿಗೆ ಬಗ್ಗುತ್ತಿರಲಿಲ್ಲ. ಬರೆದದ್ದು ಸೊಟ್ಟಪಟ್ಟ ಬಂದರೆ ನಾಚಿ ಹರಿದು ಹಾಕುವಳು. ಕಂಪ್ಯೂಟರಿನಲ್ಲಿ ಹಾಗಿರಲಿಲ್ಲ. ಒಂದೇ ಬೆರಳಿನಿಂದ ಒತ್ತಿದರೂ ಅಕ್ಷರ ದುಂಡಗೆ, ಮಾಸ್ತರು ಬರೆದ ಹಾಗೆ ಬೀಳುತ್ತಿತ್ತು. ಮೊದಲ ದಿನ ತನ್ನ ಹೆಸರನ್ನು ಪರದೆಯ ಮೇಲೆ ಕಂಡು ಅವ್ವ ಕೈ ಮುಗಿದಳು. ನಾನು ನಕ್ಕೆ. ಈಗ ನೆನೆದರೆ ನಗು ಬರುವುದಿಲ್ಲ.

ಅವ್ವ ಬರೆಯುತ್ತಿದ್ದುದು ತನ್ನ ಅವ್ವನ ಬಗ್ಗೆ. ಅಜ್ಜಿ ಗಣಿಯಲ್ಲಿ ಮಣ್ಣು ಕುಸಿದು ತೀರಿಕೊಂಡಾಗ ಅವ್ವ ಎರಡು ವರ್ಷದ ಕೂಸು. ಒಂದು ಫೋಟೋ ಇಲ್ಲ, ಒಂದು ಸೀರೆ ಇಲ್ಲ, ಮುಖದ ನೆನಪೂ ಇಲ್ಲ. ಅವ್ವನನ್ನು ಸಾಕಿದ ಚಿಂಚೋಳಿಯ ದೊಡ್ಡವ್ವ ಕಡೆಗಾಲಕ್ಕೆ ನಮ್ಮಲ್ಲಿಗೆ ಬಂದು ಇದ್ದಳು. ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಆ ಮುದುಕಿ ತನ್ನ ತಂಗಿಯ ಕತೆ ಹೇಳುವಳು, ಅವ್ವ ಹುಡುಕಿ ಹುಡುಕಿ ಕೀಲಿ ಒತ್ತುವಳು. ಅಜ್ಜಿ ಹೇಗೆ ನಡೆಯುತ್ತಿದ್ದಳು, ಯಾವುದಕ್ಕೆ ಸಿಟ್ಟಿಗೇಳುತ್ತಿದ್ದಳು, ಪುಂಡಿಪಲ್ಲೆ ಹೇಗೆ ಮಾಡುತ್ತಿದ್ದಳು, ಎಲ್ಲ ಸೇರಿ ಇಪ್ಪತ್ತು ಪುಟವಾಯಿತು. ಆ ಚಳಿಗಾಲದಲ್ಲಿ ದೊಡ್ಡವ್ವ ಹೋದಳು. ನಮ್ಮಲ್ಲಿ ಪ್ರಿಂಟರ್ ಇರಲಿಲ್ಲ. ಗುಲ್ಬರ್ಗಾಕ್ಕೆ ಹೋದಾಗ ಪ್ರಿಂಟ್ ತೆಗೆಸೋಣವೆಂದು ನಾನು ಇವತ್ತು ನಾಳೆ ಮಾಡಿದೆ.

ಮುಂದಿನ ದಸರೆಗೆ ಅವ್ವ ಖಂಡೇಪೂಜೆಗೆ ಕಂಪ್ಯೂಟರನ್ನೂ ಸೇರಿಸಿಕೊಂಡಳು. ಕುಡುಗೋಲು, ಸುತ್ತಿಗೆ, ಉಳಿ, ಜೊತೆಗೆ ಅದು. ಪೂಜೆ ಮಾಡುವ ಕಟ್ಟೆ ಮೈಲಿಗೆಯಾಗಿರಬಾರದಲ್ಲ. ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಕಂಪ್ಯೂಟರನ್ನು ಕೆಳಗಿಳಿಸಿ, ನೀರು ಹಾಕಿ, ಉಜ್ಜುಗಲ್ಲಿನಿಂದ ಕಟ್ಟೆಯನ್ನು ಕನ್ನಡಿಯಂತೆ ತಿಕ್ಕಿದ್ದಳು. ಪಾಲಿಶ್ ಕೆಲಸದ ಕೈ, ಕೇಳಬೇಕೆ. ನಾನೂ ಸಂಜೆ ಬಂದು ಎಷ್ಟು ಚೆಂದ ಮಾಡಿದ್ದೀ ಎಂದು ಹೊಗಳಿದೆ. ಏನು ಅಳಿಸಿಹೋಗಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ನಾಲ್ಕು ತಿಂಗಳ ಮೇಲೆ, ವೈರಸ್ ಬಂದು ಕಂಪ್ಯೂಟರ್ ಮಲಗಿದಾಗ. ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಅವ್ವನ ಕಡತ ಬೇರೆ ಡ್ರೈವಿನಲ್ಲಿದ್ದುದರಿಂದ ಉಳಿಯಿತು. ಆದರೆ ಕನ್ನಡ ತಂತ್ರಾಂಶ ಕೀಲಿ ಕೇಳುತ್ತಿತ್ತು. ಅದಿಲ್ಲದೆ ಕಡತ ತೆರೆದರೆ ಇಪ್ಪತ್ತು ಪುಟದ ತುಂಬ ಇಂಗ್ಲಿಷ್ ಅಕ್ಷರ, ಕೊಂಬು, ಬಾಲ, ಪ್ರಶ್ನೆಚಿಹ್ನೆ. ಸಿ.ಡಿ. ಮಾರಿದ ಹೈದರಾಬಾದಿನ ಅಂಗಡಿಗೆ ಫೋನ್ ಮಾಡಿದರೆ ಆ ನಂಬರು ಈಗ ಒಂದು ಬಟ್ಟೆ ಅಂಗಡಿಯದಾಗಿತ್ತು.

ನಾನು ಸಿಟ್ಟಿನವಳು. ಊರೆಲ್ಲ ತಿಕ್ಕಿದ್ದು ಸಾಲದೆ ಇದನ್ನೂ ತಿಕ್ಕಿದೆಯಾ ಎಂದು ಅವ್ವನ ಮೇಲೆ ಹರಿಹಾಯ್ದೆ. ಚೀಟಿ ಸುಟ್ಟವಳು ನಾನೇ ಎಂಬುದು ಬಾಯಿಗೆ ಬರಲಿಲ್ಲ. ಅವ್ವ ಪರದೆಯ ಮೇಲಿನ ಆ ಕಸವನ್ನು ನೋಡುತ್ತ ಒಂದೇ ಮಾತು ಹೇಳಿದಳು: "ಎರಡನೇ ಸಲ ಸತ್ತಂಗಾತು ನಮ್ಮವ್ವ." ಆಮೇಲೆ ಎರಡು ದಿನ ಆ ಕೋಣೆಗೆ ಬರಲಿಲ್ಲ.

ಮೂರನೇ ದಿನ ವಾಡಿಯಿಂದ ಮಾವ ಬಂದ. ಅವ್ವನಿಗಿಂತ ಒಂಬತ್ತು ವರ್ಷ ದೊಡ್ಡವನು, ಒಡಹುಟ್ಟಿದ ಅಣ್ಣ. ಗಣಿಯಲ್ಲಿ ಕಲ್ಲು ಸೀಳುವುದೇ ಕೆಲಸ. ಓದು ಬರಹ ಇಲ್ಲ, ಮಾತೂ ಅಷ್ಟಕ್ಕಷ್ಟೇ. ಮಣ್ಣು ಕುಸಿದ ದಿನ ಅಜ್ಜಿಯ ಜೊತೆ ಗಣಿಯಲ್ಲಿದ್ದವನು ಅವನು. ಆ ದಿನದ ಬಗ್ಗೆಯಾಗಲಿ, ಅಜ್ಜಿಯ ಬಗ್ಗೆಯಾಗಲಿ ಅವನು ಬಾಯಿ ಬಿಟ್ಟದ್ದನ್ನು ಯಾರೂ ಕೇಳಿಲ್ಲ. ಅವ್ವ ಕೇಳಿ ಕೇಳಿ ಸೋತು ದೊಡ್ಡವ್ವನ ಕಡೆ ತಿರುಗಿದ್ದಳು. ಏನು ಬರೆದಿದ್ದೆ ಎಂದು ಅವ್ವ ಅವನಿಗೆ ಹೇಳಲಿಲ್ಲ. ಕಲ್ಲಿನ ಮೇಲೆ ಬರೆದದ್ದು ಅಳಿಸಿಹೋಯಿತು ಎಂದಷ್ಟೇ ಹೇಳಿದಳು.

ಮಾವ ಕಟ್ಟೆಯ ಮೇಲೆ ಅಂಗೈ ಆಡಿಸಿದ. ಕಂಪ್ಯೂಟರ್ ಎತ್ತಿಡಲು ಹೇಳಿದ, ಒಂದು ಬಿಂದಿಗೆ ನೀರು ಕೇಳಿದ, ಬಾಗಿಲು ಪೂರ್ತಿ ತೆರೆಸಿದ.

"ಕಲ್ಲು ಪೆಟ್ಟು ಮರಿಯಂಗಿಲ್ಲ," ಅಂದ. "ಒಣಗುವಾಗ ನೋಡಬೇಕು."

ಗಣಿಯಲ್ಲಿ ಅವರು ಮಾಡುವುದು ಹೀಗೆಯೇ ಅಂತೆ. ಉಳಿ ಇಡುವ ಮೊದಲು ಹಾಸುಗಲ್ಲಿಗೆ ನೀರು ಚೆಲ್ಲಿ ಕಾಯುತ್ತಾರೆ. ಎಲ್ಲ ಕಡೆ ಒಣಗಿದ ಮೇಲೂ ಒಳಗೆ ಬಿರುಕಿದ್ದ ಕಡೆ ಒಂದು ಗಳಿಗೆ ತೇವ ಉಳಿಯುತ್ತದೆ. ಕಣ್ಣಿಗೆ ಕಾಣದ ಬಿರುಕು ಆಗ ಕಪ್ಪಗೆ ಕಾಣುತ್ತದೆ. ಕಂಪಾಸಿನ ಗೀರಿಗೆ ಇದೆಲ್ಲ ನಡೆಯುತ್ತದೆಯೇ ಎಂದು ನನಗೆ ಒಳಗೊಳಗೇ ತಾತ್ಸಾರ. ಆದರೂ ಕೈಯಲ್ಲಿ ಕಾಗದ ಹಿಡಿದು ನಿಂತೆ.

ಮಾವ ಮಂಡಿಯೂರಿ ಕೂತು, ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತಂದು, ಬಾಗಿಲ ಬೆಳಕಿಗೆ ಓರೆಯಾಗಿ ನೋಡತೊಡಗಿದ. ನೀರು ಅಂಚಿನಿಂದ ಹಿಂದೆ ಸರಿಯುತ್ತ ಬಂತು. ಕಲ್ಲು ಬೂದಿ ಬಣ್ಣಕ್ಕೆ ತಿರುಗಿತು. ಆಗ ಅವನು ಸೀಮೆಸುಣ್ಣದಿಂದ ಗೆರೆ ಎಳೆಯಲು ಶುರು ಮಾಡಿದ. ಒಂದು ಗೆರೆ, ಒಂದು ಕೊಕ್ಕೆ, ಒಂದು ಅರ್ಧ ಸುತ್ತು. ಅವನಿಗೆ ಅದು ಅಕ್ಷರವಲ್ಲ, ಬರಿಯ ಬಿರುಕು. ಏಳನ್ನು ಬರೆದು ನಡುವೆ ಅಡ್ಡಗೆರೆ ಹಾಕುವುದು ನನ್ನ ಹಳೆಯ ಚಾಳಿ. ಮಾವ ಎಳೆದ ಏಳಕ್ಕೂ ಅಡ್ಡಗೆರೆ ಇತ್ತು. ನನ್ನ ಕೈಬರಹ, ಓದು ಬಾರದವನ ಕೈಯಿಂದ, ಕಲ್ಲಿನೊಳಗಿಂದ ಮೇಲೆ ಬರುತ್ತಿತ್ತು. ದೇವರ ಮುಂದೆಯೂ ನಾನು ಹಾಗೆ ಉಸಿರು ಹಿಡಿದು ನಿಂತವಳಲ್ಲ.

ಮೂರು ಸಲ ನೀರು ಹಾಕಿದೆವು. ಹದಿನೈದು ಖಚಿತವಾಯಿತು. ಒಂದು ಮಾತ್ರ ಇಂಗ್ಲಿಷಿನ 'ಬಿ'ಯೋ ಎಂಟೋ ತಿಳಿಯಲಿಲ್ಲ. ಮಾವ ಮತ್ತೆ ಬಗ್ಗಿ ನೋಡಿ, ಎಡಕ್ಕೆ ಗೋಡೆ ನೆಟ್ಟಗಿದೆ, ದುಂಡಗಿಲ್ಲ ಎಂದ. 'ಬಿ' ಒತ್ತಿದೆ. ತಂತ್ರಾಂಶ ತೆರೆದುಕೊಂಡಿತು. ಕಡತ ತೆರೆದೆ. ಕಸವಿದ್ದ ಜಾಗದಲ್ಲಿ ದುಂಡು ದುಂಡು ಕನ್ನಡ ನಿಂತಿತ್ತು. ಅವ್ವನ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ. ತಪ್ಪಾಯ್ತು ಎಂದು ಅವ್ವನಿಗೆ ಆಗ ಹೇಳಿದೆ.

ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ರೈಲಿಗೆ ಹೊರಟಿದ್ದ. ಅವ್ವ ಅವನ ಕೈ ಹಿಡಿದು ಕೂರಿಸಿ ಓದತೊಡಗಿದಳು, ಅಕ್ಷರ ಅಕ್ಷರಕ್ಕೆ ಬೆರಳಿಟ್ಟು. ಯಾರ ಕತೆಯೆಂದು ಎರಡನೇ ಸಾಲಿಗೇ ಅವನಿಗೆ ತಿಳಿಯಿತು. ಎದ್ದು ಹೋಗುತ್ತಾನೆ ಎಂದು ನಾನು ಅಂದುಕೊಂಡೆ. ಹೋಗಲಿಲ್ಲ. ತಲೆ ತಗ್ಗಿಸಿ ಇಪ್ಪತ್ತೂ ಪುಟ ಕೇಳಿದ. ವಾಡಿಯ ಪ್ಯಾಸೆಂಜರ್ ಕೂಗಿಕೊಂಡು ಹೋಯಿತು.

"ಗದ್ದದ ಮ್ಯಾಲ ಹಚ್ಚಿ ಇತ್ತು," ಅಂದ ಮಾವ. "ಮೂರು ಚುಕ್ಕಿ. ಅದು ಬರ್ದಿಲ್ಲ ನೀ."

ಅವ್ವ ತನ್ನ ಗದ್ದವನ್ನು ಮುಟ್ಟಿಕೊಂಡಳು.

"ಬರಿ ತಂಗಿ. ನಾ ಹೇಳ್ತೀನಿ."

ಅವ್ವ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು, ಒಂದೇ ಬೆರಳೆತ್ತಿ, 'ಗ' ಎಲ್ಲಿದೆ ಎಂದು ಹುಡುಕತೊಡಗಿದಳು.