ತಂಗಿಗಾಗಿ ಹುಡುಕಿದ ದಾನಿ

ಕೋವಿಡ್ ಹಾವಳಿ ಇಳಿದ ಮರುವರ್ಷ. ನಾನಾಗ ಡಲ್ಲಾಸ್‌ನ ಒಂದು ಆಸ್ಪತ್ರೆಯಲ್ಲಿ ನ್ಯೂರಾಲಜಿಸ್ಟ್. ಹತ್ತಿರದ ಮರ್ಫಿ ಎಂಬ ಊರಿನಿಂದ ಶ್ರೀಧರ ಎಂಬವರು ತಮ್ಮ ಹೆಂಡತಿ ಸುಮಂಗಲಾ ಅವರನ್ನು ಕರೆತಂದರು. ಧಾರವಾಡದ ಹೆಣ್ಣುಮಗಳು, ವಯಸ್ಸು ನಲವತ್ತಮೂರು, ಶಾಲೆಯಲ್ಲಿ ಗಣಿತದ ಟೀಚರ್. ಪಾಠ ಮಾಡುತ್ತಲೇ ಬೋರ್ಡಿನ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದರಂತೆ. ನಡಿಗೆಯೂ ತಡವರಿಸುತ್ತಿತ್ತು. ಮೊದಲು ನೋಡಿದವರು ಡಿಪ್ರೆಶನ್ ಎಂದು ಮಾತ್ರೆ ಕೊಟ್ಟಿದ್ದರು.

"ಮನೇಲಿ ನಗೋದೇ ಬಿಟ್ಟಿದಾಳೆ ಡಾಕ್ಟ್ರೇ. ಅವ್ಳು ಹಾಗಲ್ಲ," ಎಂದರು ಶ್ರೀಧರ.

ಎಂಆರ್‌ಐಯಲ್ಲಿ ಮಿದುಳಿನ ಬಿಳಿಭಾಗ ಅಲ್ಲಲ್ಲಿ ಹಾಳಾಗಿದ್ದು ಕಂಡಿತು. ಕಾರಣ ಜೀನ್ ಪರೀಕ್ಷೆಯಲ್ಲಿ ಸಿಕ್ಕಿತು. ಮಿದುಳಿಗೆ ಅದರದೇ ಆದ ರಕ್ಷಣಾ ಕೋಶಗಳಿವೆ, ಮೈಕ್ರೋಗ್ಲಿಯಾ ಎನ್ನುತ್ತೇವೆ. ಸೋಂಕಿನ ವಿರುದ್ಧ ಹೋರಾಡುವುದು, ಸತ್ತ ಕೋಶಗಳ ಕಸ ತೆಗೆಯುವುದು, ನರತಂತುಗಳ ಹೊದಿಕೆ ಕಾಯುವುದು ಅವುಗಳ ಕೆಲಸ. ಆ ಕೋಶಗಳು ಬದುಕಲು ಬೇಕಾದ ಜೀನ್ ಒಂದು ಸುಮಂಗಲಾ ಅವರಲ್ಲಿ ಹುಟ್ಟಿನಿಂದಲೇ ಕೆಟ್ಟಿತ್ತು. ಇದ್ದ ದಾರಿ ಒಂದೇ. ಇನ್ನೊಬ್ಬರ ಅಸ್ಥಿಮಜ್ಜೆ ಕೊಟ್ಟರೆ, ಅದರಿಂದ ಹುಟ್ಟಿದ ಕೋಶಗಳು ಮಿದುಳು ಸೇರಿ ಆ ಕೆಲಸ ವಹಿಸಿಕೊಳ್ಳಬಹುದು. ಕೆಲವರಲ್ಲಿ ಕಾಯಿಲೆ ಅಲ್ಲಿಗೇ ನಿಂತದ್ದುಂಟು. ಆದರೆ ಬೇಗ ಆಗಬೇಕು.

ಆಸ್ಟಿನ್‌ನಲ್ಲಿದ್ದ ಅಣ್ಣ ರಾಘವೇಂದ್ರ ಸುದ್ದಿ ಕೇಳಿದ ದಿನವೇ ಡ್ರೈವ್ ಮಾಡಿಕೊಂಡು ಬಂದರು. "ನಂದು ತಗೋರಿ. ಎಷ್ಟು ಬೇಕೋ ಅಷ್ಟು ತಗೋರಿ."

ಹ್ಯೂಸ್ಟನ್‌ನ ಟ್ರಾನ್ಸ್‌ಪ್ಲಾಂಟ್ ಕೇಂದ್ರದಲ್ಲಿ ಪರೀಕ್ಷೆಯಾಯಿತು. ಅಣ್ಣತಂಗಿಯ ಹೊಂದಾಣಿಕೆ ಪೂರ್ಣವಾಗಿತ್ತು. ಶ್ರೀಧರ ಫೋನಿನಲ್ಲಿ ಸಂತೋಷಕ್ಕೆ ಅತ್ತುಬಿಟ್ಟರು. ಆದರೆ ದಾನಿಯ ಜೀನನ್ನೂ ನೋಡಲೇಬೇಕು. ಏನು ಸಿಗಬಹುದೆಂದು ತಿಳಿದೇ ರಾಘವೇಂದ್ರ ಒಪ್ಪಿದ್ದರು. ಅದೇ ದೋಷ ಅವರಲ್ಲೂ ಇತ್ತು. ಅವರ ಮಜ್ಜೆಯಿಂದ ತಂಗಿಗೆ ಉಪಯೋಗವಿಲ್ಲ. ಮುಂದೆ ಅವರಿಗೂ ಕಾಯಿಲೆ ಬರಬಹುದು.

ನಾನು ಹೇಳಿ ಮುಗಿಸಿದಾಗ ಅವರು ಕೇಳಿದ್ದು ತಮ್ಮ ಬಗ್ಗೆ ಅಲ್ಲ. "ಆಕಿಗೆ ಬ್ಯಾರೆ ಯಾರರ ಸಿಗ್ತಾರೇನ್ರಿ?"

"ದಾನಿಗಳ ರಿಜಿಸ್ಟ್ರಿಯಲ್ಲಿ ಹುಡುಕಿಸ್ತಿದೀವಿ. ಹೊಂದೋದು ಸಾಮಾನ್ಯವಾಗಿ ನಮ್ಮ ಕಡೆಯವರದೇ, ಅವರು ಅದರಲ್ಲಿ ಕಡಿಮೆ."

"ನನಗೂ ಅದ ಅಂತ ಆಕಿಗೆ ಹೇಳಬ್ಯಾಡ್ರಿ."

ಪಕ್ಕದ ಕೋಣೆಯಲ್ಲಿ ಸುಮಂಗಲಾ ಕೂತಿದ್ದರು. ಆ ಹೊತ್ತಿಗೆ ಅವರ ಮಾತು ಬಹಳ ಕಡಿಮೆಯಾಗಿತ್ತು. ತನ್ನ ಮಜ್ಜೆ ಆಗುವುದಿಲ್ಲವಂತೆ ಎಂದಷ್ಟೇ ಅಣ್ಣ ಹೇಳಿದರು. ಆಕೆ ಅವರ ಮುಖ ನೋಡುತ್ತ ಒಂದೊಂದೇ ಪದ ಹುಡುಕಿದರು. "ಹೋಗ್ಲಿ ಬಿಡೋ ಅಣ್ಣಾ. ನೀ ಆರಾಮ ಇದ್ದೀಯಲ್ಲ."

"ಹೂಂ. ನಾ ಆರಾಮ ಇದ್ದೀನಿ."

ಕೊನೆಗೆ ದಾನಿಯೊಬ್ಬರು ಸಿಕ್ಕಾಗ ಸುಮಂಗಲಾ ಹಾಸಿಗೆ ಹಿಡಿದಿದ್ದರು. ಈ ಸ್ಥಿತಿಯಲ್ಲಿ ಟ್ರಾನ್ಸ್‌ಪ್ಲಾಂಟ್ ಬೇಡ ಎಂದರು ಹ್ಯೂಸ್ಟನ್‌ನ ವೈದ್ಯರು. ಅವರ ತೀರ್ಮಾನ ಸರಿಯಾಗಿಯೇ ಇತ್ತು. ಮುಂದಿನ ವರ್ಷ ಆಕೆ ತೀರಿಕೊಂಡರು.

ಸ್ವಲ್ಪ ಕಾಲದ ಮೇಲೆ ರಾಘವೇಂದ್ರರ ಎಂಆರ್‌ಐಯಲ್ಲೂ ಮೊದಲ ಕಲೆಗಳು ಕಂಡವು. ಅಣ್ಣತಂಗಿಯ ಹೊಂದಾಣಿಕೆ ಪೂರ್ಣವಾಗಿದ್ದರಿಂದ, ತಂಗಿಗೆ ಹೊಂದಿದ್ದ ಆ ದಾನಿ ಸಹಜವಾಗಿಯೇ ಅಣ್ಣನಿಗೂ ಹೊಂದುತ್ತಿದ್ದರು. ಟ್ರಾನ್ಸ್‌ಪ್ಲಾಂಟ್ ಆಯಿತು. ಈವರೆಗೆ ಕಾಯಿಲೆ ಮುಂದುವರಿದಿಲ್ಲ.

ನಾನು ನಿವೃತ್ತಳಾಗುವ ಮುನ್ನ ಅವರು ಕೊನೆಯ ಸಲ ಬಂದಾಗ ಸ್ಕ್ಯಾನ್ ತೋರಿಸಿ, ಚೆನ್ನಾಗಿದೆ ಎಂದೆ. ಅವರು ಅದರತ್ತ ನೋಡಲೇ ಇಲ್ಲ. "ಆಕಿ ಪಾಲಿಂದು ನಾ ತಗೊಂಡೆ ಅನಸ್ತದ್ರಿ," ಎಂದರು.

ಹಾಗಲ್ಲ ಎಂದು ವಿವರಿಸುವುದು ಸುಲಭವಿತ್ತು. ಆದರೆ ಗುಣವಾದವರ ದುಃಖವನ್ನೂ ಕೇಳಿಸಿಕೊಳ್ಳಬೇಕೆಂದು ಅಷ್ಟು ವರ್ಷಗಳ ಕೆಲಸ ನನಗೆ ಕಲಿಸಿತ್ತು. ಸ್ಕ್ರೀನ್ ಆರಿಸಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಅವರು ತಂಗಿಯ ಬಗ್ಗೆ ಹೇಳತೊಡಗಿದರು.