ಗೇಟು ತೆಗೆದಿದ್ದರು

ಮೊನ್ನೆ ನಮ್ಮ ಗೇಟಿಗೆ ಬಣ್ಣ ಹೊಡೆಯಲು ಬಂದವನು ಅಂಗಳದಿಂದ ಕೂಗಿದ. "ಅಜ್ಜಾರೆ, ಗೇಟ್ ತೆಗ್ದಿದೀನಿ."

"ಹಾಕಪ್ಪ, ದನ ನುಗ್ತಾವೆ" ಎಂದೆ.

ಅವನು ನಕ್ಕ. "ಹಾಕಕ್ಕೆ ಎಲ್ಲಿದೆ? ಬಿಚ್ಚಿ ಗೋಡೆಗೆ ಒರಗಿಸಿದೀನಿ."

ಹೊರಗೆ ಬಂದೆ. ಹಸಿ ಬಣ್ಣದ ವಾಸನೆ. ಅದರ ಜೊತೆಗೇ ಗೇಟಿನವರ ನೆನಪು ಬಂತು...

ಅರವತ್ತರ ದಶಕ. ನಾನು ಸಾಗರದ ಹೊರಗಿನ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ದಿನಾ ಸೈಕಲ್ಲಿನಲ್ಲಿ ರೈಲು ಹಳಿ ದಾಟಬೇಕಿತ್ತು. ಅಲ್ಲಿ ಗೇಟು ಕಾಯುತ್ತಿದ್ದವರನ್ನು ಎಲ್ಲರೂ ಗೇಟಿನವರು ಎಂದೇ ಕರೆಯುತ್ತಿದ್ದರು. ಹಳಿಯ ಪಕ್ಕ ಇಲಾಖೆ ಕೊಟ್ಟ ಒಂದು ಕೋಣೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಯಾರು ಗೋಗರೆದರೂ ತಾಳಗುಪ್ಪದ ರೈಲು ಹೋಗುವ ತನಕ ಗೇಟು ಬಿಡುವವರಲ್ಲ. ರೈಲು ತಡವಾದ ದಿನ ನಾನು ಅವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ, ಅವರು ಕೊಟ್ಟ ಬೆಲ್ಲದ ಕಾಫಿ ಕುಡಿಯುತ್ತಲೇ.

ಒಂದು ಸಲ ಎತ್ತಿನಗಾಡಿ ತಾಗಿ ಗೇಟಿನ ಕೀಲು ಮುರಿಯಿತು. ರಿಪೇರಿಯವರು ಗೇಟನ್ನು ಬಿಚ್ಚಿ, ಬಣ್ಣ ಬಳಿದು, ನಾಳೆ ಕೀಲು ತರುತ್ತೇವೆಂದು ಹೋದರು. ಅಲ್ಲಿಯ ತನಕ ರೈಲು ಬರುವಾಗ ರಸ್ತೆಗೆ ಸರಪಳಿ ಕಟ್ಟಬೇಕು ಎಂದಿದ್ದರಂತೆ. ಮರುದಿನ ಬೆಳಿಗ್ಗೆ ನಾನು ತಿರುವಿಗೆ ಬರುವಷ್ಟರಲ್ಲಿ ಇಟ್ಟಿಗೆ ಲಾರಿಗೆ ರೈಲು ಬಡಿಯಿತು. ಡ್ರೈವರ್ ಉಳಿದ, ಅವನ ಕಾಲು ಉಳಿಯಲಿಲ್ಲ. ಬಿಚ್ಚಿದ ಗೇಟು ಬೇಲಿಗೆ ಒರಗಿತ್ತು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ತಪ್ಪು ಯಾರದೆಂದು ವಿಚಾರಣೆ ಶುರುವಾಯಿತು. ಗೇಟು ಇದ್ದೂ ಹಾಕದಿದ್ದರೆ ಗೇಟಿನವರ ತಪ್ಪು, ಕೆಲಸ ಹೋಗುತ್ತದೆ. ಗೇಟೇ ಇಲ್ಲದ ರಸ್ತೆಯಲ್ಲಿ ರೈಲು ಬಿಟ್ಟಿದ್ದರೆ ಮೇಲಿನವರು ಉತ್ತರ ಹೇಳಬೇಕು. ರಿಪೇರಿಯವರೋ ಅಪಘಾತದ ಮಧ್ಯಾಹ್ನವೇ ಬಂದು ಗೇಟು ಕೂರಿಸಿ, ಹಿಂದಿನ ದಿನವೇ ಕೂರಿಸಿದ್ದೆವು ಎಂದುಬಿಟ್ಟರು. ಲಾರಿ ಡ್ರೈವರಿಗೆ ಏನೂ ನೆನಪಿಲ್ಲ, ರೈಲಿನವರ ಕಣ್ಣಿಗೆ ಬಿದ್ದಿದ್ದು ಲಾರಿ ಮಾತ್ರ. ಉಳಿದ ಸಾಕ್ಷಿ ನಾನೊಬ್ಬ.

ಹೇಳಿಕೆಯ ಹಿಂದಿನ ದಿನ ಗೇಟಿನವರು ಮನೆಗೆ ಬಂದರು. "ಕಂಡಿದ್ದು ಕಂಡಂಗೆ ಹೇಳಿ ಮೇಷ್ಟ್ರೇ, ಸಾಕು" ಎಂದರು. ಹೊರಟವರು ಬಾಗಿಲಲ್ಲಿ ತಿರುಗಿ, "ಸರಪಳಿ ಕಟ್ಟಿದ್ದು ಕಂಡ್ರಾ?" ಎಂದರು.

ನಾನು ಗಮನಿಸಿರಲಿಲ್ಲ. ಅವರನ್ನೇ ಕೇಳಿದೆ.

"ಕಟ್ಟಿರ್ತೀನಿ... ಕಟ್ಟಿದ್ನಾ ಅಂತ ಕೇಳಿದ್ರೆ ತಲೆನೇ ಓಡದಿಲ್ಲ."

ವಿಚಾರಣೆಗೆ ಬಂದ ಅಧಿಕಾರಿಗೆ ಕನ್ನಡ ಬಾರದು. ಗುಮಾಸ್ತರು ನನ್ನನ್ನು ಕೇಳಿದರು, "ರೈಲು ಬಂದಾಗ ಗೇಟು ಹೇಗಿತ್ತು?"

"ತೆಗೆದಿದ್ರು ಸಾರ್" ಎಂದೆ.

ಗುಮಾಸ್ತರು ಅಧಿಕಾರಿಗೆ "ಓಪನ್" ಎಂದರು. ಅವರು ಬರೆದುಕೊಂಡರು. ನಾನು ಓದಿ ನೋಡಿ ಸಹಿ ಹಾಕಿದೆ. ಮಕ್ಕಳಿಗೆ ನಾನಾರ್ಥ ಕಲಿಸುವ ಮಹಾಶಯ ನಾನು, ನನ್ನದೇ ಮಾತಿಗೆ ಎರಡು ಅರ್ಥ ಇರುವುದು ತಿಂಗಳ ಮೇಲೆ, ಗೇಟಿನವರ ಕೆಲಸ ಹೋದ ಸುದ್ದಿ ಬಂದಾಗ ಹೊಳೆಯಿತು.

ತಿದ್ದಿಸಲು ಹೋಗಬಹುದಿತ್ತು. ಹೋದರೆ, ಸರಿ, ಸರಪಳಿ ಕಟ್ಟಿತ್ತೇ ಎಂದು ಕೇಳುತ್ತಾರೆ. ಏನು ಹೇಳಲಿ? ಹಾಗೆ ಯೋಚಿಸುತ್ತಲೇ ದಿನ ತಳ್ಳಿದೆ. ಅದು ಅನುಮಾನವೋ ಹೇಡಿತನವೋ, ಇಂದಿಗೂ ನನಗೆ ತಿಳಿದಿಲ್ಲ.

ಕೋಣೆ ಖಾಲಿ ಮಾಡಿ ತೀರ್ಥಹಳ್ಳಿಯ ಬಸ್ಸು ಹತ್ತುವಾಗ ಗೇಟಿನವರು ನನ್ನ ಕೈ ಹಿಡಿದುಕೊಂಡರು. "ನೀವು ಸುಳ್ಳು ಹೇಳಿಲ್ಲ ಬಿಡಿ ಮೇಷ್ಟ್ರೇ. ತೆಗ್ದಿದ್ದು ಹೌದಲ್ಲ."

ಯಾವ ಅರ್ಥದಲ್ಲಿ ಹಾಗೆಂದರು ಎಂದು ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ತೀರ್ಥಹಳ್ಳಿಗೆ ಎಷ್ಟೋ ಸಲ ಹೋದೆ, ಅವರ ಮನೆ ಹುಡುಕಲಿಲ್ಲ. ತೀರಿಕೊಂಡರೆಂದು ಯಾರೋ ಹೇಳಿದರು. ಸರಪಳಿ ಮಾತ್ರ ಈಗಲೂ ಕಣ್ಣಿಗೆ ಬರುತ್ತದೆ, ಒಮ್ಮೆ ಕಟ್ಟಿದ ಹಾಗೆ, ಒಮ್ಮೆ ನೆಲದ ಮೇಲೆ ಬಿದ್ದ ಹಾಗೆ...

ಸಂಜೆ ಬಣ್ಣದವನು ಗೇಟು ಕೂರಿಸಿ ಹೊರಟ. "ಹಸಿ ಐತೆ ಅಜ್ಜಾರೆ, ಮುಟ್ಬೇಡಿ. ತೆಗ್ದೇ ಇರ್ಲಿ ಅಲ್ವಾ?"

ನಾನು ಹಗ್ಗ ತಂದು ಕಂಬದಿಂದ ಕಂಬಕ್ಕೆ ಕಟ್ಟಿದೆ.