ಸಂಬಂಧದ ಕಾಲಂನಲ್ಲಿ ಏನು ಬರೆಯುವುದು?

ಬೆಳಗಿನ ಐದೂವರೆ. ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದರ ಗೇಟಿನ ಮುಂದೆ ಆಗಲೇ ಎಪ್ಪತ್ತು ಜನರ ಸಾಲು. ಇದರಲ್ಲಿ ಅರ್ಧ ಜನ, ಜನರಲ್ಲ. ನೀರಿನ ಬಾಟಲಿ, ಹಳೇ ಚಪ್ಪಲಿ, ಇಟ್ಟಿಗೆ ಚೂರು. ಜಾಗ ಹಿಡಿದಿಟ್ಟ ಮಾಲೀಕರು ಟೀ ಕುಡಿಯಲು ಹೋಗಿದ್ದಾರೆ. ಹದಿನಾಲ್ಕನೆಯ ಜಾಗದಲ್ಲಿ ಮಾತ್ರ ಮಾನ್ಯಾ ಸಾಲೊಮನ್ ಖುದ್ದಾಗಿ ನಿಂತಿದ್ದಾಳೆ. ಬಾಟಲಿ ಇಟ್ಟು ಹೋಗುವುದು ಮೋಸವೋ ಅಲ್ಲವೋ ಎಂಬುದು ಅವಳ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಆ ಮನೆ ಇರುವುದು ಓಲ್ಡ್ ರಾಜಿಂದರ್ ನಗರದ ಗಲ್ಲಿಯೊಂದರಲ್ಲಿ. ಐದು ರಾಜ್ಯಗಳ ಆರು ಕ್ರೈಸ್ತ ತರುಣ ತರುಣಿಯರು ಅಲ್ಲಿ ಒಂದು ವರ್ಷ ಒಟ್ಟಿಗೆ ಪ್ರಾರ್ಥಿಸಿ, ಸರದಿಯಲ್ಲಿ ಪಾತ್ರೆ ತೊಳೆದು, ಹಗಲೆಲ್ಲ ಹೊರಗೆ ಸೇವೆ ಮಾಡುತ್ತಾರೆ. ಸಂಬಳ ಇಲ್ಲ. ಫೋನು ದಿನಕ್ಕೆ ಒಂದು ಗಂಟೆ. ಸುಳ್ಳು, ಯಾರ ಒಳ್ಳೆಯದಕ್ಕಾದರೂ ಸರಿ, ಇಲ್ಲವೇ ಇಲ್ಲ.

ತುಮಕೂರಿನ ಬಸ್ ಡ್ರೈವರ್ ಮಗಳು ಮಾನ್ಯಾಗೆ ಇಪ್ಪತ್ತೆರಡು; ಬಿ.ಕಾಂ. ಮುಗಿಸಿ ನೇರ ಇಲ್ಲಿಗೆ ಬಂದವಳು. ಗಲ್ಲಿಯ ತುಂಬ ಐಎಎಸ್ ಕೋಚಿಂಗಿನ ಹುಡುಗರು. "ನಿಮ್ಮದು ಎಷ್ಟನೇ ಅಟೆಂಪ್ಟ್ ಅಂತ ಕೇಳ್ತಾರೆ. ಮೊದಲನೇದು, ಕೊನೇದೂ ಅದೇ ಅಂತೀನಿ. ಪಾಪ, ತುಂಬ ಮರುಗ್ತಾರೆ" ಎನ್ನುತ್ತಾಳೆ. ತಾಯಿಗೆ ಬೇರೆಯದೇ ಚಿಂತೆ. "ಕೆಲಸಾನೂ ಅಲ್ಲ, ಮದುವೆನೂ ಅಲ್ಲ, ಚರ್ಚಲ್ಲಿ ಕೇಳಿದೋರಿಗೆ ಏನು ಹೇಳ್ಲೇ?" ಎಂದು ಆ ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಕೇಳುತ್ತಾರೆ.

ಹಿಂದಿ ಬಾರದ ಹೊರರಾಜ್ಯದ ರೋಗಿಗಳಿಗೆ ಫಾರಂ ತುಂಬಿಕೊಡುವುದು, ಸರಿಯಾದ ಕಿಟಕಿಗೆ ಮುಟ್ಟಿಸುವುದು, ಡಾಕ್ಟರು ಅಂದದ್ದನ್ನು ಬಿಡಿಸಿ ಹೇಳುವುದು ಅವಳ ಕೆಲಸ. ದಿನಕ್ಕೆ ಹದಿನೈದು ಮಂದಿಯಾದರೂ ಸಿಗುತ್ತಾರೆ. ಹಿಂದಿಯನ್ನು ಅವಳು ಕಲಿತದ್ದು ತರಕಾರಿ ಭಯ್ಯಾನ ಹತ್ತಿರ. ಹಾಗಾಗಿ ಮೊದಲ ತಿಂಗಳು ಡಾಕ್ಟರ ಜೊತೆಗೂ ಚೌಕಾಸಿಯ ಧಾಟಿಯಲ್ಲೇ ಮಾತಾಡುತ್ತಿದ್ದಳು.

ಫೆಬ್ರವರಿಯಲ್ಲಿ ಸಿಕ್ಕವರು ಚಳ್ಳಕೆರೆಯ ತಿಪ್ಪೇಸ್ವಾಮಿ. ನೋಯ್ಡಾದ ಫ್ಲ್ಯಾಟುಗಳಿಗೆ ಗ್ರಾನೈಟ್ ಹಾಸುವ ಐವತ್ತೆಂಟರ ಒಂಟಿ ಜೀವ. ಗಂಟಲಲ್ಲಿ ಗಡ್ಡೆ, ಆಪರೇಷನ್ ಆಗಲೇಬೇಕು. ಜೊತೆಗಿರಲು ಒಬ್ಬರು ಬೇಕೆಂದು ಆಸ್ಪತ್ರೆಯವರು ಕೇಳಿದ್ದಕ್ಕೆ ಮಾನ್ಯಾ ತನ್ನ ಹೆಸರು ಬರೆದಳು. ಕಿಟಕಿಯ ಗುಮಾಸ್ತ "ರಿಶ್ತಾ?" ಎಂದು ಸಂಬಂಧ ಕೇಳಿದ. "ಕುಛ್ ನಹೀ", ಏನೂ ಇಲ್ಲ, ಎಂದಳು. ಸಂಬಂಧಿಕರೇ ಆಗಬೇಕೆಂದು ಗುಮಾಸ್ತ ಫಾರಂ ಮೇಲೆ ಅಡ್ಡಗೆರೆ ಎಳೆದು ಏಪ್ರಿಲ್‌ನ ತಾರೀಖು ಕೊಟ್ಟ.

ತಿಪ್ಪೇಸ್ವಾಮಿ ಒಡೆದ ದನಿಯಲ್ಲೇ ಬೈದರು: "ಎಂಥ ಹುಡುಗಿ ಕಣವ್ವ ನೀನು! ಮಗಳು ಅಂದಿದ್ರೆ ನಿನ್ನ ಬಾಯಿ ಸವೀತಿತ್ತಾ?"

"ಎರಡು ತಿಂಗಳು ಗಡ್ಡೆ ಬೆಳೀತಾ ಇತ್ತು. ನನ್ನ ಸತ್ಯ ಅವರ ಗಂಟಲಲ್ಲಿ ಕೂತಿತ್ತು" ಎನ್ನುತ್ತಾಳೆ ಮಾನ್ಯಾ.

ಶನಿವಾರ ಸಂಜೆ ಊಟಕ್ಕೆ ಮೊದಲು ವಾರದ ತಪ್ಪು ಒಪ್ಪಿಕೊಳ್ಳುವುದು ಆ ಮನೆಯ ಪದ್ಧತಿ. ಅವಳು ಇದನ್ನೇ ಹೇಳಿಕೊಂಡಳು. ಸುಳ್ಳು ಹೇಳದ್ದನ್ನು ತಪ್ಪೆಂದು ಒಪ್ಪಿಕೊಂಡವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಚರ್ಚೆ ವಾರವಾರವೂ ಬೆಳೆಯಿತು, ದಾಲ್ ವಾರವಾರವೂ ಆರಿತು. ಕೊನೆಗೆ ಮನೆಯ ಹಿರಿಯ, ರಾಂಚಿಯ ಜೋಯಲ್ ಟಿರ್ಕಿ ಕೇಳಿದ: "ಯಾವ ಸಂಬಂಧ ಬರೆದರೆ ಒಪ್ತಾರೆ?" ವಿಚಾರಿಸಿದಾಗ, ರಕ್ತಸಂಬಂಧಿ ಇಲ್ಲದಿದ್ದರೆ ಒಂದೇ ವಿಳಾಸದ ನೆರೆಯವರಾದರೂ ನಡೆಯುತ್ತದೆ ಎಂದು ತಿಳಿಯಿತು. "ಅಚ್ಛಾ. ಸುಳ್ಳು ಹೇಳೋ ಹಾಗಿಲ್ಲ, ಚಲೋ, ನಿಜಾನೇ ಮಾಡೋಣ" ಎಂದ ಜೋಯಲ್.

ಮನೆಯಲ್ಲಿ ಖಾಲಿ ಮಾಡಬಹುದಾದದ್ದು ಕೆಳಗಿನ ಪ್ರಾರ್ಥನೆಯ ಕೋಣೆ ಒಂದೇ. ಮೂರು ವಾರದಿಂದ ತಿಪ್ಪೇಸ್ವಾಮಿ ಅಲ್ಲಿದ್ದಾರೆ. ಬೆಳಿಗ್ಗೆ ಅವರು ವಿಭೂತಿ ಹಚ್ಚಿಕೊಂಡು ಕೂರುವ ಹೊತ್ತಿಗೆ, ಆರು ಮಂದಿ ಅಡುಗೆಮನೆಯಲ್ಲಿ ಸಿಲಿಂಡರಿಗೂ ಹಿಟ್ಟಿನ ಡಬ್ಬಕ್ಕೂ ನಡುವೆ ಮಂಡಿಯೂರುತ್ತಾರೆ. ಆಮೇಲೆ ಟೀ ಎಲ್ಲರಿಗೂ ಒಂದೇ ಪಾತ್ರೆಯಿಂದ.

ಇವತ್ತು ಏಪ್ರಿಲ್‌ನ ಆ ತಾರೀಖು. ಎಂಟೂವರೆಗೆ ಕಿಟಕಿ ತೆರೆಯುತ್ತದೆ. ಅದೇ ಗುಮಾಸ್ತ. ಸಂಬಂಧದ ಕಾಲಂನಲ್ಲಿ ನೆರೆಯವರು ಎಂದಿರುವುದನ್ನು ನೋಡಿ ಕನ್ನಡಕ ಏರಿಸುತ್ತಾನೆ.

"ಪಡೋಸಿ? ಎಲ್ಲಿಯ ಪಡೋಸ್?"

"ಇವರು ಕೆಳಗೆ, ನಾನು ಮೇಲೆ" ಎನ್ನುತ್ತಾಳೆ ಮಾನ್ಯಾ. ಜೋಯಲ್ ಬರೆದ ವಿಳಾಸದ ಪತ್ರವನ್ನು ಒಳಗೆ ತಳ್ಳುತ್ತಾಳೆ.

"ಹಾಡು ಜೋರು ಸ್ವಾಮಿ ಇವರದು, ನಿದ್ದೆ ಬಿಡಲ್ಲ" ಎಂದು ತಿಪ್ಪೇಸ್ವಾಮಿ ಹಿಂದಿನಿಂದ ಕನ್ನಡದಲ್ಲೇ ದೂರುತ್ತಾರೆ. ಗುಮಾಸ್ತನಿಗೆ ಮಾತು ತಿಳಿಯದು. ಆದರೆ ನೆರೆಯವರ ಮೇಲಿನ ದೂರಿನ ರಾಗ ಯಾವ ಭಾಷೆಯಲ್ಲಾದರೂ ಒಂದೇ. ಮುದ್ರೆ ಬೀಳುತ್ತದೆ. ಇವತ್ತೇ ದಾಖಲು, ಗುರುವಾರ ಆಪರೇಷನ್.

ಜೂನ್‌ಗೆ ಮಾನ್ಯಾಳ ವರ್ಷ ಮುಗಿಯುತ್ತದೆ. ಆಮೇಲೆ ತುಮಕೂರು, ಬ್ಯಾಂಕ್ ಪರೀಕ್ಷೆ. ಹಾರೈಕೆ ಏನಾದರೂ ಇದೆಯೇ ಎಂದರೆ, ರೋಗಿಯ ಚೀಲ ಹೆಗಲಿಗೇರಿಸುತ್ತ ಹೇಳುತ್ತಾಳೆ:

"ಮುಂದಿನ ವರ್ಷ ಬರೋರಿಗೂ ಆ ಪ್ರಾರ್ಥನೆ ಕೋಣೆ ವಾಪಸ್ ಸಿಗಬಾರದು, ಅಲ್ಲಿ ಯಾರಾದ್ರೂ ರೋಗಿ ಇರ್ಬೇಕು. ಅಡುಗೆಮನೆ ಸಾಕು ಅವರಿಗೆ."